ಯಜಮಾನರ ಮಧ್ಯಾಹ್ನ

ಕೈಯಾರೆ ಎನ್ನುವ ಮಾತು ಬೆಳಗಿನಿಂದ ಮೇಸ್ತ್ರಿಯ ತಲೆಯಲ್ಲಿ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಕೂತುಬಿಟ್ಟಿತ್ತು. ಯಜಮಾನರ ನೆನಪಿಗೆಂದು ಶೆಡ್ಡಿನಲ್ಲಿ ಇವತ್ತು ಏರ್ಪಾಡಾಗಿದ್ದ ಸಭೆಗೆ ಅವರ ಮಗಳು ಅಚ್ಚು ಹಾಕಿಸಿದ್ದ ಕಾರ್ಡಿನಲ್ಲಿ ಆ ಮಾತಿತ್ತು. ನಮ್ಮ ತಂದೆಯವರು ಕೊನೆಯದಾಗಿ ತಮ್ಮ ಕೈಯಾರೆ ಸಿದ್ಧಪಡಿಸಿದ ಹಳೆಯ ರೋಡ್ ರೋಲರನ್ನು ಅಂದು ಅದರ ಒಡೆಯರಿಗೆ ಒಪ್ಪಿಸಲಾಗುವುದು. ಕಾರ್ಡು ಕೊಡಲು ಮನೆಗೆ ಬಂದಿದ್ದ ಮಗಳು, 'ಮಾಮ, ನೀವೂ ಎರಡು ಮಾತಾಡ್ಬೇಕು. ಅಪ್ಪನ ಜೊತೆ ಕೊನೇವರೆಗೂ ಇದ್ದೋರು ನೀವೊಬ್ರೇ' ಎಂದು ಹೇಳಿ ಹೋಗಿದ್ದಳು. ಕನ್ನಡಿಯ ಮುಂದೆ ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದ ಮೇಸ್ತ್ರಿ ಬ್ರಷ್ಷು ಹಿಡಿದ ತನ್ನ ಕೈಯನ್ನೇ ನೋಡಿದ. ಉಗುರಿನ ಸುತ್ತ ಎಂದೂ ಹೋಗದ ಕಪ್ಪು, ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆಗಳು. ಯಾರ ಕೈಯಾರೆ? ಹಾಗೆಂದು ಕೇಳಿಕೊಂಡ ಕೂಡಲೇ ಅವನಿಗೆ ತನ್ನ ಮುಖ ಕಂಡು ಹೇಸಿಗೆಯಾಯಿತು. ಮನುಷ್ಯ ಹೋಗಿ ಇನ್ನೂ ತಿಂಗಳಾಗಿಲ್ಲ, ಆಗಲೇ ಪಾಲು ಕೇಳಲು ನಿಂತಿದ್ದೀಯಲ್ಲ ಎಂದು ಆ ಮುಖಕ್ಕೆ ಹೇಳಿದ. ಆದರೂ ಅದು ನಿಜವಲ್ಲವೇ? ಆ ರೋಲರಿನ ಒಂದೊಂದು ನಟ್ಟನ್ನೂ ಎರಡೆರಡು ಸಲ ತಿರುಗಿಸಿದವನು ಅವನು. ಒಮ್ಮೆ ಯಜಮಾನರು ತಪ್ಪಾಗಿ ಬಿಗಿದದ್ದನ್ನು ಬಿಚ್ಚಿ, ಮತ್ತೊಮ್ಮೆ ಸರಿಯಾಗಿ ಬಿಗಿದು.

'ಏನು ಮಾತಾಡ್ತೀರಿ ಅಲ್ಲಿ?' ಎಂದು ಹೆಂಡತಿ ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಯ ಮೇಲೆ ಹಾಕುತ್ತ ಕೇಳಿದಳು.

'ಏನಿದೆ ಮಾತಾಡೋಕೆ? ಒಳ್ಳೆಯವರಿದ್ರು ಅಂತೀನಿ.'

'ಅಷ್ಟು ಹೇಳೋಕೆ ಬೆಳಿಗ್ಗೆಯಿಂದ ಮುಖ ಗಂಟು ಹಾಕ್ಕೊಂಡಿದೀರಾ? ಎರಡು ವರ್ಷ ಊಟ ಮಾಡೋವಾಗೆಲ್ಲ ನನ್ನ ಕಿವಿ ತೂತು ಮಾಡಿದ್ರಿ, ಎಲ್ಲಾ ನಾನೇ ಮಾಡ್ತಿರೋದು, ಹೆಸರು ಅವರದು ಅಂತ. ಅದನ್ನ ಅಲ್ಲಿ ಹೇಳಿ ನೋಡೋಣ.'

'ಸತ್ತವರ ಬಗ್ಗೆ ಹಾಗೆಲ್ಲ ಹೇಳೋಕಾಗತ್ತೇನೇ?'

'ಹಾಗಾದ್ರೆ ನನ್ನ ಹತ್ರವೂ ಹೇಳ್ಬೇಡಿ ಇನ್ಮೇಲೆ' ಎಂದು ಅವಳು ಒಳಗೆ ಹೋದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು.

ಟೈರ್ ಅಂಗಡಿ, ಮರದ ಡಿಪೋ, ಬಸ್ಸುಗಳು ತಿರುಗುವ ಅಗಲ ರಸ್ತೆ, ಅದರಾಚೆ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಅಂಗಳದಲ್ಲಿ ಕತ್ತು ಬಾಗಿಸಿ ನಿಂತ ಹಳೆಯ ಕ್ರೇನು, ಹೊಟ್ಟೆ ಸೀಳಿದ ಕಾಂಕ್ರೀಟ್ ಮಿಕ್ಸರು, ಇನ್ನೂ ಯಾರೂ ಕೈ ಹಾಕದ ತುಕ್ಕಿನ ರಾಶಿ. ಮನೆ ಕಟ್ಟಿ, ರಸ್ತೆ ಹಾಕಿ, ಸೇತುವೆ ಎಬ್ಬಿಸಿ, ಕೊನೆಗೆ ಗುಜರಿಯವನ ತಕ್ಕಡಿ ಹತ್ತಲು ಹೊರಟ ಯಂತ್ರಗಳನ್ನು ಯಜಮಾನರು ದಾರಿಯಲ್ಲೇ ತಡೆದು ಇಲ್ಲಿಗೆ ತರುತ್ತಿದ್ದರು. ಮೇಸ್ತ್ರಿ ಮೊದಲು ಬಂದದ್ದು ಬರೀ ವೆಲ್ಡರನಾಗಿ. ಎಲ್ಲದಕ್ಕೂ ಕೈ ಹಾಕುತ್ತ ಹಾಕುತ್ತ ಮೇಸ್ತ್ರಿ ಎಂಬ ಹೆಸರು ಅಂಟಿಕೊಂಡಿತು. ಮೊದಲ ದಿನವೇ ಒಡೆದ ಎರಕದ ಕಂಬಿಯೊಂದಕ್ಕೆ ಅವನು ಬೆಸುಗೆ ಹಾಕಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಸಾಲಾಗಿ ಕೂತ ಆ ಗೆರೆಯನ್ನು ಹೆಮ್ಮೆಯಿಂದ ತೋರಿಸಿದ್ದ. ಯಜಮಾನರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, 'ಎಷ್ಟು ಚಂದ ಇದೆಯಯ್ಯಾ' ಎಂದರು. ಆಮೇಲೆ, 'ಈಗ ಇದನ್ನ ಉಜ್ಜಿ ಅಳಿಸಿಬಿಡು. ಕಾಣಬಾರದು' ಎಂದರು. ತನ್ನ ಒಳ್ಳೆಯ ಕೆಲಸವನ್ನೆಲ್ಲ ತಾನೇ ಉಜ್ಜಿ ಅಳಿಸುವುದು ಅಂದಿನಿಂದ ಅವನ ಕಸುಬಾಯಿತು. ಯಂತ್ರದ ಮೈಮೇಲಿನ ಹಳೇ ಪೆಟ್ಟುಗಳನ್ನು ಮಾತ್ರ ಮುಟ್ಟಲು ಅವರು ಬಿಡುತ್ತಿರಲಿಲ್ಲ. 'ಈ ತಗ್ಗು ಯಾವತ್ತೋ ಒಂದಿನ ಯಾರೋ ಒಬ್ಬನ ಕೈತಪ್ಪಿ ಆಗಿದ್ದು. ಅವನು ಆವತ್ತು ಬೈಸಿಕೊಂಡಿರ್ತಾನೆ, ಪಾಪ. ಅದನ್ನ ಅಳಿಸೋಕೆ ನಾವ್ಯಾರು?' ಗಿರಾಕಿಗಳು ಹೊಸದರ ಹಾಗೆ ಕಾಣ್ತಿದೆ ಎಂದು ಹೊಗಳಿದರೆ ಅವರ ಮುಖ ಹುಳ್ಳಗಾಗುತ್ತಿತ್ತು. ಹೊಸದು ಬೇಕಿದ್ದರೆ ಅಂಗಡಿಗೆ ಹೋಗಬೇಕಿತ್ತು ಅನ್ನುತ್ತಿದ್ದರು, ಗಿರಾಕಿ ಹೋದ ಮೇಲೆ. ಮೇಸ್ತ್ರಿಗೆ ಆ ಮಾತು ಇಷ್ಟವಾಗುತ್ತಿತ್ತು, ಕಾಣಬಾರದು ಎನ್ನುವ ಮಾತು ಇಷ್ಟವಾಗುತ್ತಿರಲಿಲ್ಲ. ಎರಡೂ ಒಂದೇ ಮನುಷ್ಯನ ಬಾಯಿಂದ ಬರುತ್ತಿದ್ದವು ಎಂದು ಅವನಿಗೆ ಈಗ, ಗೇಟಿನ ಬಳಿ ನಿಂತು, ವಿಚಿತ್ರವೆನಿಸಿತು.

ಒಳಗೆ ಕುರ್ಚಿ ಜೋಡಿಸುತ್ತಿದ್ದರು. ರೋಲರಿನ ಎದುರು ಒಂದು ಮೇಜು, ಅದರ ಮೇಲೆ ಯಜಮಾನರ ಫೋಟೊ, ಬಟ್ಟಲಲ್ಲಿ ಹೂವು. ಫೋಟೊದಲ್ಲಿ ಅವರು ಕ್ಯಾಮೆರಾದವನ ಹೆಗಲಾಚೆ ಏನನ್ನೋ ನೋಡುತ್ತಿದ್ದರು. ಮೇಸ್ತ್ರಿ ಹಿಂದಿನ ಸಾಲಿನಲ್ಲಿ ಕೂರಲು ಹೋದಾಗ ಮಗಳು ಬಂದು ತೋಳು ಹಿಡಿದು ಎರಡನೇ ಸಾಲಿಗೆ ಕರೆದೊಯ್ದಳು. ಮೊದಲ ಸಾಲಿಗೆ ಯಾಕೆ ಕರೆಯಲಿಲ್ಲ ಎಂಬ ಯೋಚನೆ ಬಂದೇಬಿಟ್ಟಿತು. ಬಂದದ್ದನ್ನು ಒದ್ದು ಓಡಿಸಿದ. ಎದುರಿಗಿದ್ದ ರೋಲರಿನ ದೊಡ್ಡ ಗಾಲಿಯ ಪಕ್ಕ, ಎಂಜಿನ್ನಿನ ಬದಿಯ ಮುಚ್ಚಳದ ಹಿಂದೆ, ಬೇರಿಂಗಿನ ಟೊಪ್ಪಿಗಳು ಕೂತಿದ್ದವು. ಅಲ್ಲಿಂದಲೇ ಎಲ್ಲ ಶುರುವಾದದ್ದು. ಯಾವ ಯಂತ್ರ ಬಿಚ್ಚಿದರೂ ಯಜಮಾನರು ಟೊಪ್ಪಿಗೂ ಅದು ಕೂರುವ ಜಾಗಕ್ಕೂ, ಹೀಗೆ ಒಂದೊಂದು ಜೋಡಿಗೂ ಉಳಿಯಲ್ಲಿ ಚುಕ್ಕೆ ಹೊಡೆಯುತ್ತಿದ್ದರು. ಇದಕ್ಕೆ ಒಂದು ಚುಕ್ಕೆ, ಅದಕ್ಕೆ ಎರಡು. ಗಂಡ ಹೆಂಡತಿ ಅದಲುಬದಲಾದರೆ ಮನೆ ನಡೆಯಲ್ಲ ಎಂದು ನಗುತ್ತಿದ್ದರು. ಅಂಥವರು ಒಂದು ದಿನ ಒಂದು ಚುಕ್ಕೆಯ ಟೊಪ್ಪಿಯನ್ನು ಎರಡು ಚುಕ್ಕೆಯ ಮೇಲೆ ಕೂರಿಸಿ, ಬಿಗಿದು, ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಿ, 'ಆಯ್ತಲ್ಲ' ಎಂದು ಮೇಸ್ತ್ರಿಯ ಕಡೆ ನೋಡಿದ್ದರು. ತಮಾಷೆ ಮಾಡುತ್ತಿದ್ದಾರೆಂದೇ ಮೇಸ್ತ್ರಿ ತಿಳಿದ. ನಗಲು ಬಾಯಿ ತೆರೆದವನು ಅವರ ಕಣ್ಣು ನೋಡಿ ಬಾಯಿ ಮುಚ್ಚಿದ. ಅವರು ಉತ್ತರಕ್ಕಾಗಿ ಕಾಯುತ್ತಿದ್ದರು, ಪರೀಕ್ಷೆಯ ಉತ್ತರ ಪತ್ರಿಕೆ ಕೊಟ್ಟು ಮೇಷ್ಟರ ಮುಖ ನೋಡುವವರ ಹಾಗೆ. 'ಆಯ್ತು ಯಜಮಾನ್ರೇ' ಎಂದ ಅವನು.

ಅಂದು ಮಧ್ಯಾಹ್ನ ಅವರು ಮನೆಗೆ ಊಟಕ್ಕೆ ಹೋದಾಗ ಅವನು ಟೊಪ್ಪಿಗಳನ್ನು ಬಿಚ್ಚಿ ಅದಲುಬದಲು ಮಾಡಿದ. ಕಳ್ಳನ ಹಾಗೆ ಗೇಟಿನ ಕಡೆ ಒಂದು ಕಣ್ಣಿಟ್ಟಿದ್ದ. ಮರುದಿನ ಗೇರಿನ ಹಲ್ಲು, ಅದರ ಮರುದಿನ ವಾಲ್ವಿನ ಸ್ಪ್ರಿಂಗು. ಅವರು ಊಟದಿಂದ ಬೇಗ ಬಂದುಬಿಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಹೀಗೆ ಕೆಲವು ವಾರ ನಡೆದಿರಬೇಕು, ಆಮೇಲೆ ಯಜಮಾನರು ಊಟದ ಡಬ್ಬಿಯನ್ನು ಶೆಡ್ಡಿಗೇ ತರಲು ಶುರು ಮಾಡಿದರು, ಊಟವಾದ ಮೇಲೆ ಪಕ್ಕದ ಕೋಣೆಯಲ್ಲಿ ಬೆಂಚಿನ ಮೇಲೆ ಮಲಗಲೂ ಶುರು ಮಾಡಿದರು. ಜನ್ಮದಲ್ಲಿ ಹಗಲು ಮಲಗಿದವರಲ್ಲ. ಮಧ್ಯಾಹ್ನ ಮಲಗೋನಿಗೆ ಕಬ್ಬಿಣಕ್ಕಿಂತ ಮೊದಲು ತುಕ್ಕು ಹಿಡಿಯತ್ತೆ ಎನ್ನುತ್ತಿದ್ದವರು. ಮರೆವಿನ ಕಾಯಿಲೆಯ ನಿದ್ದೆ ಇರಬೇಕು ಎಂದುಕೊಂಡ ಮೇಸ್ತ್ರಿಗೆ ಒಳಗೊಳಗೇ ಹಾಯೆನಿಸಿತು. ಚಪ್ಪಲಿ ಬಿಟ್ಟು, ಬಾಗಿಲು ಅರ್ಧ ಎಳೆದು, ಗೋಡೆ ಕಡೆ ಮುಖ ಮಾಡಿ ಅವರು ಮಲಗುತ್ತಿದ್ದರು. ಅವನು ಸ್ಪ್ಯಾನರಿಗೆ ಬಟ್ಟೆ ಸುತ್ತಿ ಸದ್ದಾಗದಂತೆ ಬಿಚ್ಚುತ್ತಿದ್ದ, ಕಟ್ಟುತ್ತಿದ್ದ. ತನ್ನ ಡಬ್ಬಿ ತೆರೆಯುವ ಹೊತ್ತಿಗೆ ಅನ್ನ ಆರಿ ಕಲ್ಲಾಗಿರುತ್ತಿತ್ತು. ಸಿಟ್ಟು ನೆತ್ತಿಗೇರುತ್ತಿತ್ತು. ಬೆಳಿಗ್ಗೆಯೆಲ್ಲ ಹಾಳು ಮಾಡೋಕೆ ಇವರು, ಮಧ್ಯಾಹ್ನ ರಿಪೇರಿಗೆ ನಾನು. ಬಿಡೋದಿಲ್ಲ, ಮುದುಕ ಸ್ಪ್ಯಾನರ್ ಕೆಳಗಿಡೋದಿಲ್ಲ ಎಂದು ಎಂಜಿನ್ನಿನ ಹೊಟ್ಟೆಯೊಳಗೆ ತಲೆ ಹಾಕಿ ಗೊಣಗುತ್ತಿದ್ದ. ಬರೀ ಗೊಣಗುವುದಲ್ಲ, ಒಳ್ಳೊಳ್ಳೆ ಬೈಗುಳಗಳೇ ಬರುತ್ತಿದ್ದವು. ಯಂತ್ರಕ್ಕೆ ಬೈದದ್ದೆಷ್ಟು, ಯಜಮಾನರಿಗೆ ಬೈದದ್ದೆಷ್ಟು ಎಂದು ಬಿಡಿಸಲು ಆಗುತ್ತಿರಲಿಲ್ಲ.

'ನಮ್ಮ ತಾತ ಈ ರೋಲರ್ ಮೇಲೆ ಕೂತು ಅರ್ಧ ಊರಿಗೆ ರಸ್ತೆ ಹಾಕಿದ್ರು' ಎಂದು ಮೈಕಿನಲ್ಲಿ ರೋಲರಿನ ಒಡೆಯನಾದ ಕಂಟ್ರಾಕ್ಟರ್ ಹೇಳುತ್ತಿದ್ದ. ಸಭೆ ಯಾವಾಗ ಶುರುವಾಯಿತೆಂದು ಮೇಸ್ತ್ರಿಗೆ ತಿಳಿದಿರಲಿಲ್ಲ. ಈ ಕಂಟ್ರಾಕ್ಟರನನ್ನು ನೋಡಿದರೆ ಅವನಿಗೆ ಬೇರೆಯದೇ ನೆನಪಾಗುತ್ತದೆ. ಒಮ್ಮೆ ಇವನು ಕೆಲಸ ನೋಡಲು ಬಂದಾಗ ಯಜಮಾನರು ರೋಲರಿನ ಗೇರು ಪೆಟ್ಟಿಗೆಯ ಮೇಲೆ ಕೈಯಿಟ್ಟು, ತುಂಬ ಚೆನ್ನಾಗಿ, ನಿಧಾನವಾಗಿ, ಹಗ್ಗದ ರಾಟೆ ಹೇಗೆ ಭಾರ ಎತ್ತುತ್ತದೆ ಎಂದು ವಿವರಿಸತೊಡಗಿದ್ದರು. ಕೇಳಿಸಿಕೊಂಡು ಸುಮ್ಮನಿರಬಹುದಿತ್ತು. ಕಂಟ್ರಾಕ್ಟರನಿಗೆ ಅದೊಂದೂ ಅರ್ಥವಾಗುತ್ತಿರಲಿಲ್ಲ. ಆದರೆ ಅಂದು ಮಧ್ಯಾಹ್ನವೆಲ್ಲ ಒಂದು ಪೂರ್ತಿ ಕ್ಲಚ್ಚು ಬಿಚ್ಚಿ ಕಟ್ಟಿ ಸಾಕಾಗಿದ್ದ ಮೇಸ್ತ್ರಿ, 'ಅದು ಕ್ರೇನಿಂದು ಯಜಮಾನ್ರೇ. ಇದು ರೋಲರು' ಎಂದುಬಿಟ್ಟಿದ್ದ. ಜೋರಾಗಿಯೇ. ಯಜಮಾನರು ಮಾತು ನಿಲ್ಲಿಸಿ, ಅಂಗಳದಲ್ಲಿದ್ದ ಕ್ರೇನನ್ನೊಮ್ಮೆ ನೋಡಿ, ಕೈ ಕೆಳಗಿನ ಯಂತ್ರವನ್ನೊಮ್ಮೆ ನೋಡಿ, 'ಹೌದಲ್ವಾ' ಎಂದು ನಕ್ಕರು. ಆಮೇಲೆ ಕೊಳೆಯೇ ಆಗದ ಕೈಗಳನ್ನು ಬಟ್ಟೆಯಲ್ಲಿ ಒರೆಸುತ್ತ, ಬೆರಳು ಬೆರಳನ್ನೂ ಬಿಡಿಸಿ ಒರೆಸುತ್ತ ನಿಂತರು. ಕಂಟ್ರಾಕ್ಟರ್ ಹೋದ ಮೇಲೂ ಒರೆಸುತ್ತಿದ್ದರು. ಆ ಸಂಜೆ ಹೊರಡುವಾಗ ಮಾತ್ರ ಎಂದಿನಂತೆ, 'ಬರ್ತೀನಯ್ಯಾ ಮೇಸ್ತ್ರಿ' ಎಂದರು.

'ಅಂಥ ಕೈ ಇನ್ನು ಬರೋದಿಲ್ಲ' ಎಂದ ಕಂಟ್ರಾಕ್ಟರ್. 'ನಮ್ಮಲ್ಲಿ ತಾತನ ಕಾಲದ ಒಂದು ಕಲ್ಲು ಪುಡಿ ಮಾಡೋ ಯಂತ್ರವೂ ಇದೆ. ಇವರ ಕೈಗೇ ಕೊಡ್ಬೇಕು ಅಂತಿದ್ದೆ. ಈಗ ಯಾರಿಗೆ ಕೊಡೋದು? ಶೆಡ್ಡು ಮುಚ್ಚಿದ ಹಾಗೇ ಆಯ್ತಲ್ಲ.' ಸಭೆಯಲ್ಲಿ ಹತ್ತಾರು ತಲೆಗಳು ಹೌದೆಂದು ಅಲ್ಲಾಡಿದವು. ಮೇಸ್ತ್ರಿಯ ಕಿವಿ ಬಿಸಿಯಾಯಿತು. ಇಲ್ಲೇ ಕೂತಿದ್ದೇನೆ, ಎರಡನೇ ಸಾಲಿನಲ್ಲಿ, ಕೈಕಾಲು ಗಟ್ಟಿಯಿದೆ. ಮುಚ್ಚಿದ ಹಾಗೇ ಆಯ್ತಂತೆ. ನಾಳೆಯಿಂದ ತಾನು ಯಾವ ವರ್ಕ್‌ಶಾಪಿನ ಬಾಗಿಲಲ್ಲಿ, ಕಿಟಕಿ ಸರಳಿಗೆ ಬೆಸುಗೆ ಹಾಕುವ ಹೊಸಬರ ಜೊತೆ, ಕೆಲಸ ಕೇಳಿ ನಿಲ್ಲಬೇಕೋ. ಹೇಳಿಬಿಡುತ್ತೇನೆ ಎಂದು ಅವನು ತೀರ್ಮಾನಿಸಿದ. ಎರಡೇ ಮಾತು. ಆ ಎರಡು ಮಾತನ್ನು ಜೋಡಿಸಿಕೊಳ್ಳುತ್ತಿರುವಾಗಲೇ ಮಗಳು ಅವನನ್ನು ಕರೆದಳು.

ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು. ಮೊದಲ ಸಾಲಿನಲ್ಲಿ ಯಜಮಾನರ ಹೆಂಡತಿ ಸೆರಗನ್ನು ಮೊಣಕಾಲ ಮೇಲೆ ಮಡಿಸಿಟ್ಟುಕೊಂಡು ಅವನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬೇಡಿಕೆ ಇತ್ತೋ ಏನೋ. ಹೇಳಬೇಡ ಎನ್ನುತ್ತಿದ್ದಾರೆ ಎಂದು ಅವನಿಗನ್ನಿಸಿತು. 'ಯಜಮಾನ್ರು ಈ ರೋಲರ್‌ಗೆ ಕೊನೆಗೆ ಏನು ಮಾಡಿದ್ರು ಅಂತ ಬೇರೆ ಯಾರಿಗೂ ಗೊತ್ತಿಲ್ಲ' ಎಂದು ಅವನು ಆರಂಭಿಸಿದ. ಎಲ್ಲರೂ ಸ್ವಲ್ಪ ಮುಂದಕ್ಕೆ ಬಾಗಿದರು. 'ನಂಗೊತ್ತು. ನಾನು ಪಕ್ಕದಲ್ಲೇ ಇದ್ದೆ.' ಯಜಮಾನರ ಹೆಂಡತಿಯ ಕಡೆ ನೋಡಿ ಮಾತು ಬದಲಿಸಿದ. 'ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೇ ಒಂದು ಬೋಲ್ಟನ್ನ ಒರೆಸ್ತಾ ಕೂತಿರೋರು. ಅಷ್ಟು ಶುಭ್ರವಾದ ಬೋಲ್ಟನ್ನ ನಾನು ನನ್ನ ಆಯಸ್ಸಲ್ಲಿ ನೋಡಿಲ್ಲ.' ಜನ ನಕ್ಕರು. ಪ್ರೀತಿಯಿಂದಲೇ ನಕ್ಕರು. ಎಂಥ ತಾಳ್ಮೆ, ಎಂಥ ಶ್ರದ್ಧೆ ಎಂದು ಯಾರೋ ಅಂದರು. ಮೇಸ್ತ್ರಿಗೆ ತಾನು ಸತ್ತವರನ್ನು ಎಲ್ಲರೆದುರು ನಿಲ್ಲಿಸಿ ನಗೆಪಾಟಲು ಮಾಡಿದೆನೆನ್ನಿಸಿತು. ಒಳ್ಳೆಯವರಿದ್ರು ಎಂದು ಮುಗಿಸಿ ಬಂದು ಕೂತ. ಅವನ ಹೆಂಡತಿ ಬಂದಿರಲಿಲ್ಲ, ಪುಣ್ಯ.

ರೋಲರ್ ಚಾಲೂ ಮಾಡಲು ಕಂಟ್ರಾಕ್ಟರ್ ತಾನೇ ಹೋದ. ಹ್ಯಾಂಡಲ್ ಹಾಕಿ ತಿರುಗಿಸಿದ, ಚಕ್ರ ಭಾರವಾಗಿ ಒಂದು ಸುತ್ತು, ಎರಡು ಸುತ್ತು ಬಂತು, ಮೇಸ್ತ್ರಿಗೆ ಅರಿವಿಲ್ಲದೆಯೇ ಅವನ ಬಲ ಹೆಗಲು ಮುಂದಕ್ಕೆ ಹೋಯಿತು, ಎಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಒಂದೇ ತಾಳದಲ್ಲಿ ದುಡುಗುಟ್ಟತೊಡಗಿತು. ತಗಡಿನ ಮಾಡು ಅದುರಿತು. ಎಲ್ಲರೂ ಎದ್ದು ಫೋಟೊದ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ಸದ್ದಿನಲ್ಲಿ ಎಲ್ಲೂ ಕೊಂಕಿರಲಿಲ್ಲ. ಆ ಸದ್ದು ಕೇಳಿದ ಕ್ಷಣ ಮಾತ್ರ ಅವನಿಗೆ ಯಾರ ಮೇಲೂ ಯಾವ ದೂರೂ ಉಳಿದಿರಲಿಲ್ಲ.

ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ಅವನು ಮುಖಕ್ಕೆ ನೀರು ಹೊಡೆದುಕೊಳ್ಳುತ್ತಿದ್ದಾಗ ಯಜಮಾನರ ಹೆಂಡತಿ ಎರಡು ಲೋಟ ಚಹಾ ಹಿಡಿದು ಬಂದರು. ಒಂದನ್ನು ಅವನ ಕೈಗೆ ಕೊಟ್ಟು, ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕೂತರು.

'ನೀವು ಹೇಳ್ಬಿಡ್ತೀರ ಅಂತ ಕಾಯ್ತಿದ್ದೆ ಮೇಸ್ತ್ರಿ' ಎಂದರು.

'ಏನನ್ನ ಅಕ್ಕಾ?'

'ರೋಲರ್ ಮಾಡಿದ್ದು ನೀವು ಅಂತ. ಹೇಳಿದ್ರೆ ಚೆನ್ನಾಗಿತ್ತು. ನಂಗೆ ಹೇಳೋ ಧೈರ್ಯ ಬರ್ಲಿಲ್ಲ, ಮಗಳು ಆ ಕಾರ್ಡು ಅಷ್ಟು ಆಸೆಯಿಂದ ಮಾಡಿಸಿದ್ಲು. ಅವಳಿಗೆ ಗೊತ್ತಿಲ್ಲ.'

ಮೇಸ್ತ್ರಿ ಲೋಟವನ್ನು ನಲ್ಲಿಯ ಕಟ್ಟೆಯ ಮೇಲಿಟ್ಟ. 'ನಿಮಗೆ ಹೇಗೆ ಗೊತ್ತು?'

'ಅವರೇ ಹೇಳಿದ್ರಲ್ಲ. ಒಂದಿನ ಬಂದು, ಇನ್ಮೇಲೆ ಊಟ ಕಟ್ಕೊಡು, ಅಲ್ಲೇ ಮಧ್ಯಾಹ್ನ ಮಲಗ್ತೀನಿ ಕಣೇ ಅಂದ್ರು. ನಂಗೆ ಆಶ್ಚರ್ಯ. ನಿದ್ದೆ ಬರತ್ತಾ ಅಂದೆ. ನಿದ್ದೆ ಎಲ್ಲಿಂದ ಬರತ್ತೆ, ನಾನು ಬೆಳಿಗ್ಗೆ ಕೆಡಿಸಿದ್ದನ್ನ ಮೇಸ್ತ್ರಿ ಸರಿ ಮಾಡ್ಬೇಕಲ್ಲ, ಎದ್ದು ಕೂತಿದ್ರೆ ಅವನಿಗೆ ಮುಜುಗರ ಆಗತ್ತೆ, ಪಾಪ, ಊಟ ಬಿಟ್ಟು ನಾನು ಯಾವಾಗ ಅತ್ತ ಹೋಗ್ತೀನೋ ಅಂತ ಕಾಯ್ತಾ ಇರ್ತಾನೆ ಅಂದ್ರು.'

ಮರದ ಡಿಪೋದ ಗರಗಸದ ಸದ್ದು ಕೇಳುತ್ತಿತ್ತು. ಮೇಸ್ತ್ರಿ ನೆಲ ನೋಡುತ್ತ ನಿಂತ. ಗೋಡೆ ಕಡೆ ಮುಖ ಮಾಡಿದ ಆ ಬೆನ್ನು. ಬಟ್ಟೆ ಸುತ್ತಿದ ಸ್ಪ್ಯಾನರು. ಬಟ್ಟೆ ಸುತ್ತಿದ್ದು ಯಾರಿಗಾಗಿ? ಆ ಬೆನ್ನಿಗೆ ಎಲ್ಲ ಕೇಳುತ್ತಿತ್ತು. ಎಲ್ಲವೂ ಎಂದರೆ ಎಲ್ಲವೂ ಎಂಬುದು ಆಮೇಲೆ ಹೊಳೆಯಿತು.

'ಅಕ್ಕಾ, ನಾನು ಕೆಲಸ ಮಾಡ್ತಾ ಏನೇನೋ ಅಂತಿದ್ದೆ...'

ಅವರು ನಕ್ಕರು. ವಾರಗಳಿಂದ ನಗದ ಮುಖದಲ್ಲಿ ಆ ನಗು ದಾರಿ ಹುಡುಕಿಕೊಂಡು ಬಂದ ಹಾಗಿತ್ತು. 'ನೀವು ಬೈದಿದ್ದಾ? ಮನೆಗೆ ಬಂದು ವರದಿ ಒಪ್ಪಿಸೋರು. ಮೇಸ್ತ್ರಿ ಇವತ್ತು ಸುಮ್ಮನೆ ಗೊಣಗ್ತಿದ್ದ, ಏನೋ ಕೂತಿಲ್ಲ. ಇವತ್ತು ಬಾಯಿ ತುಂಬ ಬೈದ, ಗೇರು ಕೂತಿದೆ. ನಂಗೂ ಕೆಲವು ಬೈಗುಳ ಕಲಿಸಿದ್ರು.'

ಅವನಿಗೆ ನಗುವೂ ಬಂತು, ಅದರ ಹಿಂದೆಯೇ ಬೇರೇನೋ ಬಂತು. ತಿರುಗಿ ನಲ್ಲಿ ಬಿಟ್ಟು ಮತ್ತೆ ಮುಖ ತೊಳೆದ. ಆಕೆ ಬೇರೆ ಕಡೆ ನೋಡುತ್ತ ಕೂತಿದ್ದರು. ಕ್ರೇನಿಂದು ಎಂದದ್ದನ್ನೂ ಹೇಳಿದ್ದರೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಹೇಳಿರಲಾರರು. ಅದನ್ನು ಮಾತ್ರ ಅವರು ತಮ್ಮಲ್ಲೇ ಇಟ್ಟುಕೊಂಡಿರಬೇಕು, ಅಥವಾ ಮರೆತಿರಬೇಕು, ಮರೆತದ್ದಾದರೆ ಆ ಕಾಯಿಲೆಗೊಂದು ನಮಸ್ಕಾರ.

'ಹಾಗಾದ್ರೆ ಕೊನೇವರೆಗೂ ಅವರಿಗೆ ಗೊತ್ತಿತ್ತು' ಎಂದ, ಮುಖ ಒರೆಸಿಕೊಳ್ಳುತ್ತ.

'ಇಲ್ಲ' ಎಂದರು ಆಕೆ. ಲೋಟದ ತಳದಲ್ಲಿ ಉಳಿದ ಚಹಾವನ್ನು ಗಿರಗಿರನೆ ಆಡಿಸಿ ನೋಡಿದರು. 'ಕೊನೆಕೊನೆಗೆ ಅದೂ ಮರೆತುಹೋಯ್ತು. ಯಾಕೆ ಮಲಗ್ತೀರಿ ಅಂದ್ರೆ, ಗೊತ್ತಿಲ್ಲ ಕಣೇ, ಮಲಗ್ಬೇಕು ಅನ್ನೋರು. ಜ್ವರ ಬಂದು ಮನೇಲೇ ಇದ್ದಾಗ್ಲೂ ಊಟ ಆದ್ಮೇಲೆ ಗೋಡೆ ಕಡೆ ತಿರುಗಿ ಕಣ್ಣು ಬಿಟ್ಕೊಂಡು ಮಲಗಿರೋರು. ಯಾಕೆ ಅಂತ ಮರೆತ್ರು, ಮಲಗೋದು ಮರೀಲಿಲ್ಲ.'

ಒಳಗಿನಿಂದ ಕುರ್ಚಿ ಮಡಿಸುವ ಸದ್ದು ಬರುತ್ತಿತ್ತು. ಮೇಸ್ತ್ರಿ ಆರಿದ ಚಹಾವನ್ನು ಕೈಗೆತ್ತಿಕೊಂಡು, ನಿಂತೇ, ಪೂರ್ತಿ ಕುಡಿದ. ತಾನು ಅವರ ಮಾನ ಕಾಯುತ್ತಿದ್ದೇನೆಂದು ಎರಡು ವರ್ಷ ಬೀಗಿದ್ದೇನು, ಸಿಡುಕಿದ್ದೇನು. ಅಷ್ಟೂ ದಿನ ಕೈಯಲ್ಲಿ ಉಳಿದಿದ್ದ ಒಂದೇ ಕೆಲಸವನ್ನು ಆ ಮನುಷ್ಯ ಎಷ್ಟು ಅಚ್ಚುಕಟ್ಟಾಗಿ ಮಾಡಿ ಮುಗಿಸಿದ್ದರು. ಬೆಸುಗೆಯ ಒಂದು ಗೆರೆಯೂ ಕಂಡಿರಲಿಲ್ಲ.

'ಮೇಸ್ತ್ರೀ, ಸ್ವಲ್ಪ ಬರ್ತೀರಾ?' ಎಂದು ಕಂಟ್ರಾಕ್ಟರನ ಡ್ರೈವರ್ ಮೂಲೆಯಿಂದ ಕೂಗಿದ. ರೋಲರನ್ನು ಸಾಗಿಸಲು ತಂದ ಟ್ರೈಲರು ಗೇಟಿನ ಬಳಿ ನಿಂತಿತ್ತು. ಇಳಿಜಾರಿಗೆ ಇಟ್ಟ ಕಬ್ಬಿಣದ ಹಲಗೆಗಳ ಮೇಲೆ ಕಬ್ಬಿಣದ ಗಾಲಿ ಜಾರಿ ಜಾರಿ ಹಿಂದಕ್ಕೆ ಬರುತ್ತಿತ್ತು. ಕಂಟ್ರಾಕ್ಟರ್ ದೂರದಲ್ಲಿ ನಿಂತು ಹಣೆ ಒರೆಸಿಕೊಳ್ಳುತ್ತಿದ್ದ. ಮೇಸ್ತ್ರಿ ಇಸ್ತ್ರಿಯ ಅಂಗಿಯ ತೋಳು ಮಡಚಿ, ಒಳಗಿನಿಂದ ಗೋಣಿಚೀಲಗಳನ್ನು ತಂದು ನೀರಲ್ಲಿ ನೆನೆಸಿ ಹಲಗೆಗೆ ಹಾಸಿದ. ಆಮೇಲೆ ಹತ್ತಿ ಕೂತ. ಲಿವರು ಅವನ ಅಂಗೈಗೆ ತಾನಾಗಿ ಬಂದು ಕೂತಿತು. ಕ್ಲಚ್ಚು ಬಿಡುತ್ತ, ಹಿಡಿಯುತ್ತ, ಆತುರವಿಲ್ಲದೆ ಅವನು ಅಷ್ಟು ದೊಡ್ಡ ಭಾರವನ್ನು ಇಳಿಜಾರಿನ ಮೇಲೆ ಏರಿಸಿದ. ಟ್ರೈಲರು ಒಮ್ಮೆ ತಗ್ಗಿ ನರಳಿ ಸಮನಾಯಿತು. ಎಂಜಿನ್ನು ನಿಲ್ಲಿಸಿ ಇಳಿದು ಗಾಲಿಗಳಿಗೆ ಅಡ್ಡ ಮರದ ತುಂಡು ಕೊಟ್ಟು, ಯಾವ ತೂತಿಗೆ ಯಾವ ಎಣ್ಣೆ, ಬೆಳಿಗ್ಗೆ ಮೊದಲು ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಡ್ರೈವರನಿಗೆ ತೋರಿಸಿದ. ಕಂಟ್ರಾಕ್ಟರ್ ಹತ್ತಿರ ಬಂದು ಕೇಳಿಸಿಕೊಳ್ಳುತ್ತಿದ್ದವನು, 'ನಿಮಗೆ ಎಲ್ಲಾ ಗೊತ್ತಿದ್ದ ಹಾಗಿದೆ' ಎಂದ.

'ಗೊತ್ತು' ಎಂದ ಮೇಸ್ತ್ರಿ. 'ಆ ಕಲ್ಲಿನ ಯಂತ್ರ ತಂದುಬಿಡಿ. ಶೆಡ್ಡು ಮುಚ್ಚಿಲ್ಲ.' ಹೇಳಿದ ಮೇಲೆ ತಾನು ಯಾರನ್ನೂ ಕೇಳದೆ ಹೇಳಿದೆನೆಂದು ಗಾಬರಿಯಾಗಿ ಹಿಂತಿರುಗಿ ನೋಡಿದ. ಯಜಮಾನರ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ಎರಡೂ ಲೋಟ ಹಿಡಿದು ನಿಂತಿದ್ದರು. ಆಕೆ ಹೌದೆಂದು ತಲೆಯಾಡಿಸಿದರು.

ಡ್ರೈವರ್ ಕ್ಯಾಬಿನ್ನು ಹತ್ತಿ ಕೂತು ಫೋನು ತೆಗೆದ. 'ದಾರೀಲಿ ಏನಾದ್ರೂ ಆದ್ರೆ ಬೇಕಾಗತ್ತೆ, ನಿಮ್ಮ ನಂಬರ್ ಕೊಡಿ' ಎಂದ. ಮೇಸ್ತ್ರಿ ಹೇಳಿದ. ಡ್ರೈವರ್ ಒತ್ತಿಕೊಂಡು, ಹೆಸರಿನ ಜಾಗಕ್ಕೆ ಬಂದು ಬೆರಳು ನಿಲ್ಲಿಸಿದ.

'ಯಾರು ಅಂತ ಹಾಕ್ಕೊಳ್ಳಲಿ?'

ಮೇಸ್ತ್ರಿ ಒಂದು ಗಳಿಗೆ ಯೋಚಿಸಿದ.

'ಶೆಡ್ಡಿನವರು ಅಂತ ಹಾಕ್ಕೊಳ್ಳಪ್ಪಾ' ಎಂದ.